ಬ್ಲೇಕ್‌ನ ಕವಿತೆಯನ್ನು ಅಚ್ಚಿನ ಪುಸ್ತಕದಲ್ಲಿ ಓದಿದರೆ ಸಾಕೇ, ಅವನ ಫಲಕದಲ್ಲೇ ನೋಡಬೇಕೇ?

ಸಂಜೆಮಲ್ಲಿಗೆ
ಇಂಗ್ಲಿಷ್ ಕವಿ, ಚಿತ್ರಕಾರ ವಿಲಿಯಂ ಬ್ಲೇಕ್ (1757–1827) ಬಗ್ಗೆ ಬಲ್ಲವರು ಈ ಬಳಗದಲ್ಲಿ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಪಠ್ಯಪುಸ್ತಕದಲ್ಲಿ ‘ದಿ ಟೈಗರ್’ ಅಂದರೆ 24 ಸಾಲು, ಕೆಳಗೆ ಪ್ರಶ್ನೋತ್ತರ, ಅಷ್ಟೇ. ಆದರೆ ಅವನು ಅದನ್ನು ಚಿತ್ರದ ಜೊತೆಗೇ ತಾಮ್ರದ ತಗಡಿನ (ಫಲಕದ) ಮೇಲೆ ಬರೆದು, ತಾನೇ ಅಚ್ಚು ಹಾಕಿ, ಬಣ್ಣ ತುಂಬಿದ ಅಂತಾರೆ. ಆ ಕೆಲಸ ನಿಜಕ್ಕೂ ಹೇಗೆ ನಡೆಯುತ್ತಿತ್ತು? ಪ್ರತಿಯಿಂದ ಪ್ರತಿಗೆ ಬೇರೆ ಬೇರೆ ಅಂದರೆ ಯಾವುದನ್ನು ನೋಡಬೇಕು? ಆ ಹುಲಿಗೂ ನಮ್ಮ ಟಿಪ್ಪುವಿನ ಹುಲಿಗೂ ಸಂಬಂಧ ಇದೆ ಅನ್ನುವ ಮಾತು ನಿಜವೇ? ಇನ್ನೊಂದು, ಕನ್ನಡಕ್ಕೆ ತಂದರೆ ಯಾವ ಛಂದಸ್ಸಿನಲ್ಲಿ ಕೂರುತ್ತದೆ?

ಮಸಿಕುಡಿಕೆ
ಮೊದಲನೆಯ ಪ್ರಶ್ನೆ ನಾನು ಹಿಡಿಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಬ್ಲೇಕ್ ಹೊಟ್ಟೆಪಾಡಿಗೆ ಕೆತ್ತನೆಗಾರ. 1772ರಲ್ಲಿ ಜೇಮ್ಸ್ ಬಸೈರ್ ಬಳಿ ಏಳು ವರ್ಷದ ಶಿಷ್ಯವೃತ್ತಿಗೆ ಸೇರಿದವನು. ಆ ಕಸುಬಿನ ಮಾಮೂಲಿ ಕ್ರಮದಲ್ಲಿ ಗೆರೆ ತಗಡಿನೊಳಗೆ ತೋಡಾಗಿ ಇಳಿಯುತ್ತದೆ. ಮಸಿಯನ್ನು ತೋಡಿಗೆ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದ ಇಟ್ಟು ಭಾರಿ ಒತ್ತಡದಲ್ಲಿ ಉರುಳೆ ಹಾಯಿಸಬೇಕು. ಅಕ್ಷರದ ಕತೆಯೇ ಬೇರೆ. ಅಚ್ಚುಮೊಳೆ ಜೋಡಿಸುವವರು, ಅವರ ಅಚ್ಚುಕೂಟ, ಅವರ ಯಂತ್ರ ಎಲ್ಲ ಬೇರೆ. ಹೀಗಾಗಿ ಚಿತ್ರವಿರುವ ಪುಸ್ತಕ ಅಂದರೆ ಎರಡು ಕಡೆ ಅಲೆದು ಎರಡು ಕಡೆ ದುಡ್ಡು ತೆರಬೇಕು.

1788ರ ಹೊತ್ತಿಗೆ ಬ್ಲೇಕ್ ಇದನ್ನು ತಲೆಕೆಳಗು ಮಾಡಿದ. ಗೆರೆ ತೋಡಾಗುವ ಬದಲು ಉಬ್ಬಾಗಿ ನಿಲ್ಲಬೇಕು, ಸುತ್ತಲಿನ ಲೋಹ ಕರಗಿಹೋಗಬೇಕು. ಆಮ್ಲ ತಾಗದ ವಾರ್ನಿಷ್‌ನಲ್ಲಿ ಹಕ್ಕಿಗರಿಯ ಲೇಖನಿ ಅದ್ದಿ ನೇರವಾಗಿ ತಗಡಿನ ಮೇಲೆ ಬರೆಯುತ್ತಿದ್ದ, ಚಿತ್ರಕ್ಕೆ ಕುಂಚ. ಅಚ್ಚಿನಲ್ಲಿ ಅಕ್ಷರ ತಿರುಗುವುದರಿಂದ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಬಲದಿಂದ ಎಡಕ್ಕೆ ಬರೆಯಬೇಕು. ಕೆತ್ತನೆಗಾರನಿಗೆ ಅದು ರೂಢಿಯ ವಿದ್ಯೆ, ಚಿತ್ರಪಟದ ಕೆಳಗಿನ ಹೆಸರು, ವಿಳಾಸ ಎಲ್ಲ ಹಾಗೇ ಕೆತ್ತುವುದು. ವಾರ್ನಿಷ್ ಒಣಗಿದ ಮೇಲೆ ತಗಡಿನ ಅಂಚಿಗೆ ಮೇಣದ ಕಟ್ಟೆ ಕಟ್ಟಿ, ಒಳಗೆ ನೀರು ಬೆರೆಸಿದ ನೈಟ್ರಿಕ್ ಆಮ್ಲ ಸುರಿಯುವುದು. ಆಮ್ಲ ತಿನ್ನುವಾಗ ಗುಳ್ಳೆ ಏಳುತ್ತದೆ. ಗುಳ್ಳೆ ಗೆರೆಯ ಪಕ್ಕ ಕೂತರೆ ಅಲ್ಲಿ ಅಂಚು ಹಲ್ಲುಹಲ್ಲಾಗುತ್ತದೆ, ಅದಕ್ಕೇ ಗರಿಯಿಂದ ಮೆಲ್ಲಗೆ ಸವರುತ್ತಿರಬೇಕು.

ಒಂದೇ ಸಲ ಆಳಕ್ಕೆ ತಿನ್ನಿಸಿದರೆ ಕೆಲಸ ಕೆಟ್ಟಿತು. ಆಮ್ಲ ಕೆಳಕ್ಕೆ ಇಳಿದ ಹಾಗೆ ಪಕ್ಕಕ್ಕೂ ನುಗ್ಗಿ ಉಬ್ಬುಗೆರೆಯ ಬುಡವನ್ನೇ ಕೊರೆಯುತ್ತದೆ. ಸಣ್ಣ ಅಕ್ಷರದ ಬಾಲ, ಚುಕ್ಕೆ ಎಲ್ಲ ಬುಡ ಕಳಚಿ ಹೋಗುತ್ತವೆ. ಅದಕ್ಕೆ ಎರಡು ಹಂತ. ಮೊದಲು ಸ್ವಲ್ಪ ತಿನ್ನಿಸಿ, ಆಮ್ಲ ಚೆಲ್ಲಿ, ತೊಳೆದು ಒಣಗಿಸಿ, ಗೆರೆಗಳ ಪಕ್ಕೆಗೆ ಮತ್ತೆ ವಾರ್ನಿಷ್ ಸವರಿ, ಆಮೇಲೆ ಎರಡನೆಯ ಸಲ. ಇಷ್ಟೆಲ್ಲ ಮಾಡಿಯೂ ಆಳ ತೀರಾ ಕಡಿಮೆ. ಅವನ ಉಬ್ಬು ತಗಡುಗಳಲ್ಲಿ ಉಳಿದಿರುವುದು ‘ಅಮೆರಿಕ’ ಕಾವ್ಯಕ್ಕೆಂದು ಮಾಡಿ ಕೈಬಿಟ್ಟ ಒಂದು ಫಲಕದ ಸಣ್ಣ ತುಂಡು ಮಾತ್ರ, ವಾಷಿಂಗ್ಟನ್‌ನಲ್ಲಿದೆ. ಅದರ ಆಳ ಸುಮಾರು 0.12 ಮಿಲಿಮೀಟರ್.

ಮುಂದಿನ ತಾಪತ್ರಯಕ್ಕೆಲ್ಲ ಈ ಆಳವೇ ಕಾರಣ. ಆಗ ಮಸಿ ಹಚ್ಚಲು ರೋಲರ್ ಇಲ್ಲ, ಚರ್ಮದ ಉಂಡೆ. ಆ ಉಂಡೆಯನ್ನು ಒತ್ತಿ ತಟ್ಟಿದರೆ ಮಸಿ ತಗ್ಗಿಗೂ ತಾಗುತ್ತದೆ. ಮೇಣದ ಕಟ್ಟೆ ಇದ್ದ ಅಂಚು ಕರಗದೆ ಉಬ್ಬಾಗಿಯೇ ಉಳಿದಿರುತ್ತದಲ್ಲ, ಅದಕ್ಕೂ ಮಸಿ ಹತ್ತಿ ಪುಟದ ಸುತ್ತ ದಪ್ಪ ಕಪ್ಪು ಪಟ್ಟಿ ಬೀಳುತ್ತದೆ. ಪ್ರತಿ ಸಲ ಮಸಿ ಹಚ್ಚಿದ ಮೇಲೂ ಅದನ್ನು ಬಟ್ಟೆಯಿಂದ ಒರೆಸಬೇಕು. ಉರುಳೆಯ ಒತ್ತಡವೂ ಹಗುರ ಇರಬೇಕು, ಜಾಸ್ತಿಯಾದರೆ ಕಾಗದ ತಗ್ಗಿಗೆ ಇಳಿದು ಬೇಡದ ಮಸಿಯನ್ನೂ ಎತ್ತಿಕೊಳ್ಳುತ್ತದೆ.

ಅಚ್ಚಿಗೆ ಕಪ್ಪು ಮಸಿಯೇ ಬೇಕೆಂದಿಲ್ಲ, ಹಳದಿ ಮಿಶ್ರಿತ ಕಂದು, ಹಸಿರು, ಆಮೇಲಾಮೇಲೆ ಕಿತ್ತಳೆಗೆಂಪು. ಒಣಗಿದ ಮೇಲೆ ಜಲವರ್ಣ. ಹೆಂಡತಿ ಕ್ಯಾಥರೀನ್ ಅಚ್ಚಿಗೂ ಬಣ್ಣಕ್ಕೂ ಕೈಜೋಡಿಸುತ್ತಿದ್ದಳು. 1782ರಲ್ಲಿ ಮದುವೆಯ ದಾಖಲೆಗೆ ಸಹಿಯ ಬದಲು ಗುಣಾಕಾರದ ಗುರುತು ಹಾಕಿದ್ದ ಹೆಂಗಸು ಅವಳು.

ತಗಡುತಜ್ಞ
ಮಸಿಕುಡಿಕೆಯವರ ಮಾತಿಗೆ ಒಂದು ಸೇರಿಸಬೇಕು. ಕನ್ನಡಿ ಬರಹ ಅಷ್ಟು ಸುಲಭವಲ್ಲ, ಕಾಗದದ ಮೇಲೆ ನೇರವಾಗಿ ಬರೆದು ಅದನ್ನು ತಗಡಿಗೆ ಒತ್ತಿ ಇಳಿಸಿರಬೇಕು ಅನ್ನುವ ವಾದ ಬಹುಕಾಲ ನಡೆಯಿತು. 1947ರಲ್ಲಿ ನ್ಯೂಯಾರ್ಕ್‌ನಲ್ಲಿ ಕೆತ್ತನೆ ಕಲಾವಿದ ಸ್ಟ್ಯಾನ್ಲಿ ಹೇಟರ್, ಕವಿ ರುತ್ವೆನ್ ಟಾಡ್, ಚಿತ್ರಕಾರ ಹ್ವಾನ್ ಮಿರೋ ಕೂಡಿ ಹಾಗೇ ಮಾಡಿಯೂ ನೋಡಿದರು, ಅಚ್ಚು ಬಂತು. ಆದರೆ ಹಾಗೆ ಮಾಡಲು ಬರುತ್ತದೆ ಎಂದಮಾತ್ರಕ್ಕೆ ಬ್ಲೇಕ್ ಹಾಗೇ ಮಾಡಿದ ಎಂದಾಗುವುದಿಲ್ಲ. ಬ್ಲೇಕ್ ವಿದ್ವಾಂಸರಾದ ರಾಬರ್ಟ್ ಎಸಿಕ್, ಜೋಸೆಫ್ ವಿಸ್ಕೋಮಿ ಇಬ್ಬರೂ ತೋರಿಸಿದ್ದು ಇದು: ಅಕ್ಷರವೂ ಬಳ್ಳಿಯೂ ಒಂದರೊಳಗೊಂದು ಹೆಣೆದುಕೊಂಡಿರುವ ರೀತಿಗೆ ನೇರ ಬರಹವೇ ಸರಿಹೊಂದುತ್ತದೆ. ಪುಟದ ವಿನ್ಯಾಸ ತಗಡಿನ ಮೇಲೆಯೇ ಹುಟ್ಟಿತು, ಮೊದಲೇ ಬೇರೆಡೆ ಸಿದ್ಧವಾಗಿದ್ದ ಪುಟದ ನಕಲು ಅದಲ್ಲ.

ಈ ವಿದ್ಯೆಯನ್ನು ಸತ್ತ ತಮ್ಮ ರಾಬರ್ಟ್ ಕನಸಿನಂಥ ದರ್ಶನದಲ್ಲಿ ಬಂದು ಹೇಳಿಕೊಟ್ಟ ಎಂಬ ಕತೆ ಎಲ್ಲ ಕಡೆ ಸಿಗುತ್ತದೆ. ಮರುದಿನ ಕ್ಯಾಥರೀನ್ ಮನೆಯಲ್ಲಿದ್ದ ಕಡೆಯ ಅರ್ಧ ಕ್ರೌನ್ ಹಿಡಿದು ಹೋಗಿ 1 ಶಿಲ್ಲಿಂಗ್ 10 ಪೆನ್ಸ್‌ಗೆ ಸಾಮಾನು ತಂದಳು ಅನ್ನುವುದು ಗಿಲ್‌ಕ್ರಿಸ್ಟ್ ಬರೆದ ಜೀವನಚರಿತ್ರೆಯ (1863) ಮಾತು. ನನಗೆ ಇದಕ್ಕಿಂತ ಮುಖ್ಯ ಅನಿಸುವುದು ‘ದಿ ಮ್ಯಾರೇಜ್ ಆಫ್ ಹೆವನ್ ಅಂಡ್ ಹೆಲ್’ನ 14ನೆಯ ಫಲಕ. ನರಕದ ಕ್ರಮದಲ್ಲಿ, ತಿನ್ನುವ ದ್ರವದಿಂದ ಅಚ್ಚು ಹಾಕುತ್ತೇನೆ, ತೋರಿಕೆಯ ಮೇಲ್ಮೈಯನ್ನು ಕರಗಿಸಿ ಒಳಗಡಗಿದ ಅನಂತವನ್ನು ಕಾಣಿಸುತ್ತೇನೆ ಅನ್ನುತ್ತಾನೆ. ಪುಸ್ತಕದಲ್ಲಿ ಓದಿದವರು ಅದನ್ನು ದೊಡ್ಡ ರೂಪಕ ಅಂದುಕೊಂಡು ಮುಂದೆ ಹೋಗುತ್ತಾರೆ. ಅವನು ಹೇಳುತ್ತಿರುವುದು ಎದುರಿಗಿದ್ದ ಆಮ್ಲದ ಬಟ್ಟಲ ವಿಷಯ.

ತಾಮ್ರ ದುಬಾರಿ. ‘ದಿ ಟೈಗರ್’ ಇರುವ ‘ಸಾಂಗ್ಸ್ ಆಫ್ ಎಕ್ಸ್‌ಪೀರಿಯೆನ್ಸ್’ (ಅನುಭವದ ಹಾಡುಗಳು) ಸಂಗ್ರಹದ ಹಲವು ಕವಿತೆಗಳನ್ನು ಅದಕ್ಕೂ ಮುಂಚಿನ ‘ಸಾಂಗ್ಸ್ ಆಫ್ ಇನೊಸೆನ್ಸ್’ (ಮುಗ್ಧತೆಯ ಹಾಡುಗಳು) ತಗಡುಗಳ ಬೆನ್ನಿಗೇ ಮಾಡಿದ್ದಾನೆ. ಮುಗ್ಧತೆಯ ಹಿಂಬದಿಯಲ್ಲೇ ಅನುಭವ, ಅದೂ ಅಕ್ಷರಶಃ!

ಓದುಗ_ಹಾಸನ
ಬಣ್ಣದ ವಿಷಯದಲ್ಲಿ ಪಂಡಿತರ ನಡುವೆ ಜಗಳ ಇದೆಯಲ್ಲ, ಒಂದು ಸಲ ಒತ್ತಿದನೋ ಎರಡು ಸಲವೋ ಅಂತ. ಅದೇನು?

ಮಸಿಕುಡಿಕೆ
ಅದು ಜಲವರ್ಣದ ಮಾತಲ್ಲ, 1794ರಿಂದ ಒಂದೆರಡು ವರ್ಷ ಅವನು ಮಾಡಿದ ಬಣ್ಣದಚ್ಚಿನ ಮಾತು. ಅಂಟು ಬೆರೆಸಿದ ಗಟ್ಟಿ ಬಣ್ಣವನ್ನು ತಗಡಿಗೇ ಹಚ್ಚಿ ಕಾಗದಕ್ಕೆ ಎತ್ತುವುದು. ಮೈಕೆಲ್ ಫಿಲಿಪ್ಸ್ ವಾದ: ಮೊದಲು ಅಕ್ಷರಕ್ಕೆ ಮಸಿ ಹಚ್ಚಿ ಒಂದು ಸಲ, ಆಮೇಲೆ ತಗಡು ಒರೆಸಿ ಬಣ್ಣ ಹಚ್ಚಿ ಅದೇ ಕಾಗದವನ್ನು ಅದೇ ಜಾಗದಲ್ಲಿ ಇಟ್ಟು ಇನ್ನೊಂದು ಸಲ. ಎಸಿಕ್, ವಿಸ್ಕೋಮಿ ಹೇಳುವುದು ಮಸಿ, ಬಣ್ಣ ಎರಡನ್ನೂ ಒಟ್ಟಿಗೇ ಹಚ್ಚಿ ಒಂದೇ ಒತ್ತು.

‘ನರ್ಸಸ್ ಸಾಂಗ್’ನ ಒಂದು ಅಚ್ಚು, ಇ ಪ್ರತಿಯದು (ಉಳಿದಿರುವ ಪ್ರತಿಗಳನ್ನು ಇಂಗ್ಲಿಷ್ ಅಕ್ಷರದಿಂದ ಗುರುತಿಸುತ್ತಾರೆ), ಎರಡು ಸಲ ಒತ್ತಿದ್ದು ಅಂತ ಎರಡು ಪಕ್ಷವೂ ಒಪ್ಪುತ್ತದೆ. ಯಾಕೆಂದರೆ ಬಣ್ಣ ಅಕ್ಷರದ ಮೇಲೆ ಸರಿಯಾಗಿ ಕೂರದೆ ಪಕ್ಕಕ್ಕೆ ಸರಿದಿರುವುದು ಕಣ್ಣಿಗೇ ಕಾಣುತ್ತದೆ. ಒಂದೊತ್ತಿನ ಪಕ್ಷದವರ ಬಲವೂ ಅಲ್ಲೇ ಇದೆ. ಒದ್ದೆ ಕಾಗದ ಉರುಳೆಯಡಿ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಎರಡನೆಯ ಸಲ ಕೂದಲೆಳೆಯಷ್ಟೂ ತಪ್ಪದೆ ಕೂರಿಸುವುದು ಬಲುಕಷ್ಟ. ಎಲ್ಲವೂ ಎರಡೊತ್ತು ಆಗಿದ್ದರೆ ಇಂಥ ಸರಿದ ಅಂಚುಗಳು ಮಸೂರದಡಿ ನೂರಾರು ಕಡೆ ಸಿಗಬೇಕಿತ್ತು, ಸಿಗುವುದಿಲ್ಲ. ನನ್ನ ಒಲವು ಒಂದೊತ್ತಿನ ಕಡೆಗೆ.

ಸಂಜೆಮಲ್ಲಿಗೆ
ಇದನ್ನು ಈಗ ಯಾರಾದರೂ ಮಾಡಿ ನೋಡಬೇಕೆಂದರೆ ಆಗುತ್ತದೆಯೇ? ನೈಟ್ರಿಕ್ ಆಮ್ಲ ಅಂದರೆ ಭಯ.

ತಗಡುತಜ್ಞ
ಭಯ ಇರಲಿ ಮೇಡಂ. ನೈಟ್ರಿಕ್ ತಾಮ್ರವನ್ನು ತಿನ್ನುವಾಗ ಏಳುವ ಕಂದು ಹೊಗೆ ಪುಪ್ಪುಸಕ್ಕೆ ವಿಷ, ಮನೆಯಲ್ಲಿ ಖಂಡಿತ ಬೇಡ. ಫೆರಿಕ್ ಕ್ಲೋರೈಡ್ ಸಾಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಪಿಸಿಬಿ (ಸರ್ಕ್ಯೂಟ್ ಹಲಗೆ) ಮಾಡುವವರಿಗೆಂದು ಮಾರುತ್ತಾರೆ, ಬೆಂಗಳೂರಿನವರಾದರೆ ಎಸ್.ಪಿ. ರೋಡ್ ಹೊಕ್ಕರಾಯಿತು. ಪುಡಿ ತಂದರೆ ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಪುಡಿಯ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಪ್ಲಾಸ್ಟಿಕ್ ಟ್ರೇ, ಕೈಗವಸು, ಕನ್ನಡಕ ಕಡ್ಡಾಯ. ಕೆಲಸ ಮುಗಿದ ದ್ರವದಲ್ಲಿ ತಾಮ್ರ ಕರಗಿರುತ್ತದೆ, ಅದನ್ನು ಬಚ್ಚಲಿಗೆ ಚೆಲ್ಲಬಾರದು.

ತಗಡು 1ರಿಂದ 1.5 ಮಿ.ಮೀ. ದಪ್ಪ ಇರಲಿ. ಅಳತೆ ‘ಸಾಂಗ್ಸ್’ನದೇ ಇಟ್ಟುಕೊಳ್ಳಿ, ಸುಮಾರು 11 ಸೆಂ.ಮೀ. ಎತ್ತರ, 7 ಅಗಲ. ನಮ್ಮ ಅಂಗೈಯಷ್ಟು. ಅವನ ಫಲಕಗಳು ಇಷ್ಟು ಚಿಕ್ಕವು ಅನ್ನುವುದು ಪರದೆಯಲ್ಲಿ ನೋಡಿದವರಿಗೆ ಹೊಳೆಯುವುದೇ ಇಲ್ಲ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದರೆ ಕಿಲುಬು ಹೋಗುತ್ತದೆ ಆದರೆ ಜಿಡ್ಡು ಹೋಗುವುದಿಲ್ಲ, ಆಮೇಲೆ ಸೀಮೆಸುಣ್ಣದ ಪುಡಿಯಿಂದ ಉಜ್ಜಬೇಕು. ನೀರು ಹನಿಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡಿದರೆ ಜಿಡ್ಡು ಹೋಯಿತು ಎಂದರ್ಥ. ಜಿಡ್ಡು ಉಳಿದ ಕಡೆ ವಾರ್ನಿಷ್ ಹಿಡಿಯುವುದಿಲ್ಲ, ದ್ರಾವಣದಲ್ಲಿ ಸಿಪ್ಪೆ ಸುಲಿದ ಹಾಗೆ ಎದ್ದುಬರುತ್ತದೆ.

ವಾರ್ನಿಷ್ ಹದ ತಪ್ಪುವುದೇ ಎಲ್ಲರಿಗೂ ಆಗುವ ಪೆಟ್ಟು. ಆಸ್ಫಾಲ್ಟಮ್ (ಡಾಂಬರಿನಂಥ ಕಪ್ಪು ವಸ್ತು) ಅನ್ನು ಟರ್ಪೆಂಟೈನ್‌ನಲ್ಲಿ ಕದಡಿದ್ದು ಗಟ್ಟಿಯಾದರೆ ಲೇಖನಿಯಿಂದ ಇಳಿಯುವುದಿಲ್ಲ. ತೆಳುವಾದರೆ ಗೆರೆ ಕಂದಾಗಿ ಪಾರದರ್ಶಕವಾಗಿ ಕಾಣುತ್ತದೆ, ಆಮ್ಲ ಅದನ್ನು ತೂರಿಕೊಂಡು ಅಕ್ಷರದ ಮೈಯಲ್ಲೆಲ್ಲ ಸಿಡುಬಿನ ಕಲೆ ಮಾಡುತ್ತದೆ. ಲೇಖನಿಯಿಂದ ಇಳಿಯುವಷ್ಟು ತೆಳು, ಬೆಳಕಿಗೆ ಹಿಡಿದರೆ ಪೂರ್ತಿ ಕಪ್ಪು, ಅದು ಹದ. ಫೆರಿಕ್‌ನಲ್ಲಿ ಗುಳ್ಳೆ ಬರುವುದಿಲ್ಲ, ಗರಿ ಬೇಡ. ಆದರೆ ಮಡ್ಡಿ ಇಳಿದು ತಗ್ಗಿನಲ್ಲಿ ಕೂತು ಕೆಲಸ ನಿಲ್ಲಿಸುತ್ತದೆ. ಮೂಲೆಗಳಿಗೆ ಸಣ್ಣ ಆಸರೆ ಕೊಟ್ಟು ತಗಡನ್ನು ಬೋರಲು ಹಾಕಿ.

ಮಸಿಗೆ ಸಣ್ಣ ಗಟ್ಟಿ ರಬ್ಬರ್ ರೋಲರ್. ಮೆತ್ತನೆಯದು ಬಳಸಿದರೆ ತಗ್ಗಿಗೆಲ್ಲ ಮಸಿ ಮೆತ್ತಿಕೊಂಡು ಪುಟ ಕೆಸರಾಗುತ್ತದೆ. ಯಂತ್ರ ಇಲ್ಲದವರು ಚಮಚದ ಬೆನ್ನಿನಿಂದ ಉಜ್ಜಿದರೂ ಅಚ್ಚು ಏಳುತ್ತದೆ, ಉಬ್ಬು ಅಚ್ಚಿನ ಅನುಕೂಲವೇ ಅದು.

ಕನ್ನಡ ಬರೆಯುವವರಿಗೆ ಒಂದು ಮಾತು. ತಿರುಗುಮುರುಗಾಗಿ ಬರೆಯುವಾಗ ಒತ್ತಕ್ಷರ ಎಡಕ್ಕೆ ಬರಬೇಕು, ದೀರ್ಘದ ಗುರುತೂ ಅಕ್ಷರದ ಎಡಕ್ಕೆ. ಅಭ್ಯಾಸದಿಂದ ಕೈ ಅದನ್ನು ಬಲಕ್ಕೇ ಇಡುತ್ತದೆ. ಪಕ್ಕದಲ್ಲಿ ಕನ್ನಡಿ ಇಟ್ಟುಕೊಳ್ಳಿ.

ಕಡಲತೀರ
ಮಾರಾಯ್ರೆ, ಒಂದೇ ಹಾಡಿಗೆ ಇಷ್ಟು ಕೆಲಸವಾ! ಹೀಗೆ ಎಷ್ಟು ಪ್ರತಿ ಮಾಡಿದ?

ಮಸಿಕುಡಿಕೆ
ಆಸೆಪಟ್ಟಷ್ಟು ಆಗಲಿಲ್ಲ. 1789ರ ‘ಇನೊಸೆನ್ಸ್’ ಮೊದಲ ಸಲ 31 ಫಲಕ, ಕಾಗದದ ಎರಡೂ ಬದಿ ಅಚ್ಚಾಗಿ 17 ಹಾಳೆ. 1794ರಿಂದ ಎರಡೂ ಸೇರಿದ ಪುಸ್ತಕ, 54 ಫಲಕ. ಸೇರಿದ ಪ್ರತಿಗಳು ಅವನ ಜೀವಮಾನದಲ್ಲಿ ಎರಡು ಡಜನ್ ಆಸುಪಾಸು. 1793ರ ಅಕ್ಟೋಬರ್ 10ರ ಜಾಹೀರಾತಿನಲ್ಲಿ ತಲಾ 5 ಶಿಲ್ಲಿಂಗ್ ಅಂತ ಹಾಕಿದ್ದ. 1827ರಲ್ಲಿ, ಸಾಯುವ ಕೆಲವು ತಿಂಗಳ ಮುಂಚೆ, ಗೆಳೆಯ ಕಂಬರ್ಲೆಂಡ್‌ಗೆ ಬರೆದ ಕಾಗದದಲ್ಲಿ ಸೇರಿದ ಪುಸ್ತಕಕ್ಕೆ 10 ಪೌಂಡ್ 10 ಶಿಲ್ಲಿಂಗ್. ಬೆಲೆ ಏರಿತು, ಕೊಳ್ಳುವವರ ಸಾಲು ಮಾತ್ರ ಬೆಳೆಯಲಿಲ್ಲ.

ಆರ್ಡರ್ ಬಂದ ಹಾಗೆ ಒಂದೊಂದೇ ಮಾಡುತ್ತಿದ್ದ ಅನ್ನುವುದು ಹಳೆಯ ನಂಬಿಕೆ. ಒಂದು ಫಲಕಕ್ಕೆ ಮಸಿ ಹಚ್ಚಿ ಒಂದೇ ಅಚ್ಚು ತೆಗೆದು ತೊಳೆದಿಡುವುದು ಯಾವ ಅಚ್ಚಿನವನೂ ಮಾಡುವ ಕೆಲಸವಲ್ಲ. ಒಂದೇ ಮಸಿ, ಒಂದೇ ಬಗೆಯ ಕಾಗದ ಇರುವ ಪ್ರತಿಗಳನ್ನು ಒಟ್ಟಿಗಿಟ್ಟು ನೋಡಿ ವಿಸ್ಕೋಮಿ ತೋರಿಸಿದ್ದು ಹತ್ತಾರು ಪ್ರತಿಗಳನ್ನು ಒಟ್ಟಿಗೆ ತೆಗೆದಿಡುತ್ತಿದ್ದ ಅಂತ.

ಓದುಗ_ಹಾಸನ
ಯಾವ ಪ್ರತಿ ನೋಡಬೇಕು ಅನ್ನುವುದಕ್ಕೆ: ‘ವಿಲಿಯಂ ಬ್ಲೇಕ್ ಆರ್ಕೈವ್’ 1996ರಿಂದ ಅಂತರ್ಜಾಲದಲ್ಲಿ ಪುಕ್ಕಟೆ ಇದೆ. ಒಂದೊಂದು ಪ್ರತಿಗೂ ಇಂಗ್ಲಿಷ್ ಅಕ್ಷರದ ಹೆಸರು. ಎರಡನ್ನೇ ತೆರೆದು ಪಕ್ಕಪಕ್ಕ ಇಡಿ, ಮೊದಲ ಕಾಲದ ಸಿ ಪ್ರತಿ, ಕೊನೆಗಾಲದ (1826) ಝಡ್ ಪ್ರತಿ. ಎರಡೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವು. ಮೊದಲನೆಯದರಲ್ಲಿ ಬಣ್ಣ ತೆಳು, ಗೆರೆ ಉಸಿರಾಡುತ್ತದೆ. ಎರಡನೆಯದರಲ್ಲಿ ಬಣ್ಣ ದಟ್ಟ, ಪುಟದ ಒಂದೇ ಬದಿ ಅಚ್ಚು, ಸುತ್ತ ಚೌಕಟ್ಟಿನ ಗೆರೆ. ಮೊದಲನೆಯದು ಓದುವ ಪುಸ್ತಕದಂತಿದೆ, ಎರಡನೆಯದು ಕಿರುಚಿತ್ರಗಳ ಕಟ್ಟು.

ಕವಿತೆಗಳ ಅನುಕ್ರಮವೂ ಪ್ರತಿಯಿಂದ ಪ್ರತಿಗೆ ಬದಲು. ‘ದಿ ಸ್ಕೂಲ್ ಬಾಯ್’ ಸೇರಿ ನಾಲ್ಕು ಕವಿತೆಗಳು ಮುಗ್ಧತೆಯ ಭಾಗದಿಂದ ಎದ್ದು ಅನುಭವದ ಭಾಗಕ್ಕೆ ಹೋಗಿ ಕೂತವು. ಪಠ್ಯಪುಸ್ತಕದ ಅನುಕ್ರಮ ನಂಬಿ ‘ಕವಿಯ ವಿಚಾರ ಹೀಗೆ ಬೆಳೆಯಿತು’ ಅಂತ ಪ್ರಬಂಧ ಬರೆಯುವವರು ಇದನ್ನು ಗಮನಿಸಲಿ.

ಇನ್ನು ಹುಲಿ. ಕವಿತೆಯಲ್ಲಿ ಕುಲುಮೆ, ಸುತ್ತಿಗೆ, ಸರಪಳಿ, ಉರಿ. ಕೆಳಗಿನ ಚಿತ್ರದಲ್ಲಿ ಮರದಡಿ ನಿಂತ ಪಾಪದ ಪ್ರಾಣಿ, ಕೆಲವು ಪ್ರತಿಗಳಲ್ಲಿ ಥೇಟ್ ಚನ್ನಪಟ್ಟಣದ ಆಟಿಕೆ. ಬ್ಲೇಕ್‌ಗೆ ಹುಲಿ ಬರೆಯಲು ಬರುತ್ತಿರಲಿಲ್ಲ ಅಂತ ತಳ್ಳಿಹಾಕಬೇಡಿ. ಹೆದರಿಕೆ ಇರುವುದು ಕೇಳುವವನ ಪ್ರಶ್ನೆಗಳಲ್ಲಿ. ಮೊದಲಿಂದ ಕಡೆಯವರೆಗೆ ಆ ಕವಿತೆಯಲ್ಲಿ ಪ್ರಶ್ನೆ ಬಿಟ್ಟು ಬೇರೇನಿಲ್ಲ, ಹುಲಿ ಏನನ್ನೂ ಮಾಡುವುದಿಲ್ಲ. ಚಿತ್ರ ಕಣ್ಣಿಗೆ ಬೀಳದೆ ಈ ವ್ಯಂಗ್ಯ ಹೊಳೆಯುವುದು ಕಷ್ಟ.

ಮಂಡ್ಯದ_ಮಾತು
ಟಿಪ್ಪುವಿನ ಹುಲಿ ಪ್ರಶ್ನೆ ಹಾಗೇ ಉಳೀತು. ಬ್ರಿಟಿಷ್ ಸಿಪಾಯಿ ಮೇಲೆ ಬಿದ್ದಿರೋ ಆ ಮರದ ಹುಲಿಯನ್ನು ಕಂಡೇ ಬ್ಲೇಕ್ ಬರೆದ ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಿದೆ.

ಓದುಗ_ಹಾಸನ
ಇಸವಿ ಹೊಂದುವುದಿಲ್ಲ ಸರ್. ಕವಿತೆಯ ಕರಡು 1792–93ರ ಹೊತ್ತಿನದು, ಅಚ್ಚಾದದ್ದು 1794. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4. ಆ ಯಂತ್ರದ ಹುಲಿ ಲಂಡನ್‌ಗೆ ಸಾಗಿ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಜನ ನೋಡುವಂತಾದದ್ದು 1808ರಲ್ಲಿ. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1792ರ ಡಿಸೆಂಬರ್‌ನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಮನ್ರೋ ಎಂಬ ತರುಣನನ್ನು ಹುಲಿ ಹೊತ್ತೊಯ್ದ ಸುದ್ದಿ ಲಂಡನ್ ಪತ್ರಿಕೆಗಳಲ್ಲಿ ಬಂದಿತ್ತು. ಅದು ಬ್ಲೇಕ್ ಕಿವಿಗೆ ಬಿದ್ದಿದ್ದರೂ ಬಿದ್ದಿರಬಹುದು, ಅಷ್ಟೇ. ಜೀವಂತ ಹುಲಿ ಬೇಕಿದ್ದರೆ ಲಂಡನ್ ಟವರ್‌ನ ಮೃಗಶಾಲೆ ಇತ್ತು.

ಭಾರತದ ಜೊತೆ ನಿಜವಾದ ನಂಟು ಬೇರೆ ಕಡೆ ಇದೆ. 1809ರಲ್ಲಿ ಅಣ್ಣನ ಕಾಲುಚೀಲದ ಅಂಗಡಿಯ ಮೇಲೆ ಬ್ಲೇಕ್ ಸ್ವಂತ ಪ್ರದರ್ಶನ ಇಟ್ಟ. ಅವನೇ ಬರೆದ ಕ್ಯಾಟಲಾಗ್‌ನಲ್ಲಿ ಹತ್ತನೆಯ ಚಿತ್ರದ ಹೆಸರು ‘ದಿ ಬ್ರಾಮಿನ್ಸ್’. ಭಗವದ್ಗೀತೆಯನ್ನು 1785ರಲ್ಲಿ ಇಂಗ್ಲಿಷಿಗೆ ತಂದ ಚಾರ್ಲ್ಸ್ ವಿಲ್ಕಿನ್ಸ್, ಪಂಡಿತರ ಜೊತೆ ಕೂತು ಅನುವಾದ ಮಾಡುತ್ತಿರುವ ಚಿತ್ರ. ಅದು ಕಳೆದುಹೋಗಿದೆ. ಆ ಪ್ರದರ್ಶನಕ್ಕೆ ಬಂದ ಒಂದೇ ವಿಮರ್ಶೆ ‘ಎಕ್ಸಾಮಿನರ್’ ಪತ್ರಿಕೆಯದು, ಅವನನ್ನು ನತದೃಷ್ಟ ಹುಚ್ಚ ಅಂತ ಕರೆಯಿತು.

ರಗಳೆರಾಯ
ಛಂದಸ್ಸಿಗೆ ಬರೋಣ. ‘ಟೈಗರ್ ಟೈಗರ್ ಬರ್ನಿಂಗ್ ಬ್ರೈಟ್’, ಒತ್ತು–ಸಡಿಲ, ಒತ್ತು–ಸಡಿಲ, ಒತ್ತು–ಸಡಿಲ, ಕೊನೆಗೆ ಒಂದೇ ಒತ್ತು. ಏಳು ಉಚ್ಚಾರದ ಸಾಲು. ಕನ್ನಡದ ಕಿವಿಗೆ ಇದು ಮೂರು ಮಾತ್ರೆಯ ಗಣ, ಉತ್ಸಾಹ ರಗಳೆಯ ನಡೆ. ಕೊನೆಯ ಗಣ ಒಂದು ಮಾತ್ರೆ ತುಂಡು: 3 3 3 2. ಹಲವರು ಇದನ್ನು ನಾಲ್ಕು ಮಾತ್ರೆಯ ಗಣಕ್ಕೆ ಹಾಕುತ್ತಾರೆ, ಆಗ ಹುಲಿ ಹೆಜ್ಜೆ ಬಿಟ್ಟು ಆನೆ ಹೆಜ್ಜೆ ಹಾಕುತ್ತದೆ.

ಪ್ರಯತ್ನ ಇದು:

ಹುಲಿಯೆ ಹುಲಿಯೆ ಉರಿವ ಕಿಡಿ
ಇರುಳ ಕಾಡಿನೊಡಲ ನಡು,
ಯಾವ ಅಮರ ಕಣ್ಣೊ ಕೈಯೊ
ಕಡೆಯಬಲ್ಲುದಿಂಥ ಅಂದ?

ಮೂರು, ನಾಲ್ಕನೆಯ ಸಾಲು ಪೂರ್ತಿ 3 3 3 3. ಮೂಲದಲ್ಲೂ ನಾಲ್ಕನೆಯ ಸಾಲು ಒಂದು ಉಚ್ಚಾರ ಹೆಚ್ಚೇ ಇದೆ. ಅಂತ್ಯಪ್ರಾಸ ಇಲ್ಲ ಅಂತ ಬೈಯುವ ಮುನ್ನ ನೋಡಿ, ಬ್ಲೇಕ್‌ನ ‘ಐ’, ‘ಸಿಮೆಟ್ರಿ’ ಎಲ್ಲಿ ಕೂಡುತ್ತವೆ? ಪದ್ಯದ ತುದಿಯಲ್ಲಿ ಅವನೇ ಕಾಲು ತಪ್ಪಿಸಿದ್ದಾನೆ.

ಕೊನೆಯ ಪದ್ಯ ಮೊದಲನೆಯದರ ಪುನರಾವರ್ತನೆ, ಒಂದೇ ಕ್ರಿಯಾಪದದ ಬದಲಾವಣೆ. ‘ಕುಡ್’ ಇದ್ದದ್ದು ‘ಡೇರ್’ ಆಗುತ್ತದೆ. ಅನುವಾದಕರು ಎಡವುವುದು ಇಲ್ಲೇ, ಎರಡಕ್ಕೂ ಒಂದೇ ಸಾಲು ಇಟ್ಟುಬಿಡುತ್ತಾರೆ. ಬಲ್ಲುದು ಅಂದರೆ ಸಾಮರ್ಥ್ಯದ ಮಾತು, ಕೊನೆಯದು ಎದೆಗಾರಿಕೆಯ ಮಾತು. ಅದಕ್ಕೆ ‘ಕಡೆಯಲಂಜದಿಂಥ ಅಂದ?’ ಮಾತ್ರೆ ಅಷ್ಟೇ, ನಡುವಿನ ಒಂದು ಮಾತು ಮಾತ್ರ ಬದಲು.

ಸಂಜೆಮಲ್ಲಿಗೆ
ಸೊಗಸಾಗಿದೆ ರಾಯರೇ. ಆದರೆ ‘ಫಿಯರ್‌ಫುಲ್ ಸಿಮೆಟ್ರಿ’ಯಲ್ಲಿ ಫಿಯರ್‌ಫುಲ್ ಎಲ್ಲಿ ಹೋಯಿತು? ‘ಇಂಥ’ ಅಂದರೆ ಜಾರಿಕೊಂಡ ಹಾಗೆ. ಮಾತ್ರೆ ಕೆಡದೆ ‘ಕಡೆಯಬಲ್ಲುದುಗ್ರ ಅಂದ’, ಕೊನೆಗೆ ‘ಕಡೆಯಲಂಜದುಗ್ರ ಅಂದ’ ಆಗಬಾರದೇ?

ರಗಳೆರಾಯ
ಒಪ್ಪಿದೆ, ನನ್ನದಕ್ಕಿಂತ ಇದೇ ಮೇಲು. ಒಂದೇ ಅನುಮಾನ. ‘ಉಗ್ರ’ ಬಂದ ಕೂಡಲೇ ಕನ್ನಡ ಓದುಗನಿಗೆ ನರಸಿಂಹ ಕಾಣುತ್ತಾನೆ. ಅಲ್ಲಿ ಉಗ್ರತೆ ದೇವರದೇ. ಬ್ಲೇಕ್ ಕೇಳುವುದು ಈ ಉಗ್ರವನ್ನು ಮಾಡಿದ್ದು ಕುರಿಮರಿ ಮಾಡಿದವನೇನಾ ಅಂತ. ನಮ್ಮ ಓದುಗ ‘ಹೌದಲ್ಲ, ಅದರಲ್ಲೇನಿದೆ’ ಅಂದುಬಿಟ್ಟರೆ ಪ್ರಶ್ನೆಯೇ ಮೊಂಡಾಗುತ್ತದೆ. ಆದರೂ ‘ಸಮಮಿತಿ’ ಎಂಬ ಗಣಿತದ ಪಾಠದ ಪದಕ್ಕಿಂತ ಉಗ್ರ ಅಂದವೇ ಇರಲಿ.

ಕಮ್ಮಾರಿಕೆಯ ಪದಗಳಲ್ಲಿ ಕುಲುಮೆ, ಸುತ್ತಿಗೆ, ಸರಪಳಿ ಸಲೀಸು. ‘ಆ್ಯನ್ವಿಲ್’ಗೆ ಅಡಿಗಲ್ಲು ಅಂದರೆ ಇವತ್ತಿನ ಓದುಗನಿಗೆ ಮಂತ್ರಿಗಳು ಶಂಕುಸ್ಥಾಪನೆಗೆ ಬಂದಂತೆ ಕೇಳುತ್ತದೆ! ಪಕ್ಕದಲ್ಲೇ ಸುತ್ತಿಗೆ ಇಟ್ಟರೆ ಅರ್ಥ ಸರಿಹೋಗುತ್ತದೆ.

ಕಡಲತೀರ
‘ಲಂಡನ್’ ಕವಿತೆಯ ‘ಚಾರ್ಟರ್ಡ್ ಸ್ಟ್ರೀಟ್’ಗೆ ಏನು ಹಾಕುವುದು? ‘ಬಾಡಿಗೆಗೆ ಹಿಡಿದ’ ಅಂತ ಒಂದು ಕಡೆ ನೋಡಿ ತಲೆ ಕೆಟ್ಟಿತು.

ಓದುಗ_ಹಾಸನ
ಅದು ಬಸ್ಸು, ವಿಮಾನದ ಅರ್ಥ. ಇಲ್ಲಿ ಚಾರ್ಟರ್ ಅಂದರೆ ದೊರೆ ಬರೆದುಕೊಟ್ಟ ಹಕ್ಕುಪತ್ರ. ಒಬ್ಬರಿಗೆ ಹಕ್ಕು ಕೊಟ್ಟು ಮಿಕ್ಕವರನ್ನೆಲ್ಲ ಹೊರಗಿಡುವ ಕಾಗದ. ನಮ್ಮಲ್ಲಿ ಪದ ಸಿದ್ಧವಾಗಿಯೇ ಇದೆ, ಸನದು. ‘ಸನದಿನ ಬೀದಿ, ಸನದಿನ ಥೇಮ್ಸ್’. ಹರಿಯುವ ಹೊಳೆಗೂ ಸನದು ಅಂದಾಗ ಸಿಟ್ಟು ತಟ್ಟುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಸನದು ನವೀಕರಣವಾದದ್ದು 1793ರ ಚಾರ್ಟರ್ ಕಾಯ್ದೆಯಲ್ಲಿ, ಕವಿತೆ ಅಚ್ಚಾದದ್ದು ಮರುವರ್ಷ.

ಬ್ಲೇಕ್‌ನ ಟಿಪ್ಪಣಿ ಪುಸ್ತಕ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮೊದಲು ತಮ್ಮ ರಾಬರ್ಟ್‌ನದು, ಆಮೇಲೆ 1847ರಲ್ಲಿ ಕವಿ ರೊಸೆಟ್ಟಿ ಕೊಂಡದ್ದು. ಅದರ ಕರಡಿನಲ್ಲಿ ಮೊದಲು ಬರೆದದ್ದು ‘ಡರ್ಟಿ’ ಬೀದಿ, ‘ಡರ್ಟಿ’ ಥೇಮ್ಸ್. ಕೊಳಕು ಅಂತಷ್ಟೇ ಹೇಳಿದ್ದವನು ಅದನ್ನು ಹೊಡೆದು ಕಾನೂನಿನ ಪದ ಇಟ್ಟ. ‘ಮೈಂಡ್ ಫೋರ್ಜ್ಡ್ ಮ್ಯಾನಕಲ್ಸ್’ ಕೂಡ ಮೊದಲು ‘ಜರ್ಮನ್ ಫೋರ್ಜ್ಡ್ ಲಿಂಕ್ಸ್’ ಆಗಿತ್ತು. ಜರ್ಮನ್ ಮೂಲದ ರಾಜಮನೆತನದ ಮೇಲಿನ ಚುಚ್ಚು, ಆ ವರ್ಷಕ್ಕಷ್ಟೇ ಸಲ್ಲುವಂಥದ್ದು. ತಿದ್ದಿದ ಮೇಲೆ ‘ಮನವೆ ಬಡಿದ ಕೋಳ’. ಬಡಿದ ಅನ್ನುವುದನ್ನು ಬಿಡಬೇಡಿ, ಹುಲಿಯ ಕುಲುಮೆಯೇ ಇಲ್ಲೂ ಉರಿಯುತ್ತಿರುವುದು.

ರಗಳೆರಾಯ
ಅದೇ ಕವಿತೆಯ ಮೂರನೆಯ ಪದ್ಯದ ಸಾಲುಗಳ ಮೊದಲಕ್ಷರ ಕೂಡಿಸಿ: ಎಚ್, ಇ, ಎ, ಆರ್. ‘ಹಿಯರ್’, ಕೇಳು. ಹಿಂದಿನ ಪದ್ಯ ಮುಗಿಯುವುದೂ ಅದೇ ಪದಕ್ಕೆ. ಕನ್ನಡದಲ್ಲಿ ‘ಆಲಿಸಿರಿ’ ಅಂತ ನಾಲ್ಕಕ್ಷರ ಹೊಂದಿಸಬಹುದು, ಆದರೆ ‘ಲಿ’, ‘ರಿ’ಯಿಂದ ಸಾಲು ಶುರುಮಾಡಲು ಲಿಪಿ, ರಿಕ್ತ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ‘ಕೇಳು’ ಅನ್ನೋಣವೆಂದರೆ ಳಕಾರದಿಂದ ಕನ್ನಡದಲ್ಲಿ ಪದವೇ ಹುಟ್ಟುವುದಿಲ್ಲ. ಇದನ್ನು ಬಿಟ್ಟುಕೊಡುವುದೇ ಸರಿ.

ಫಲಕದಲ್ಲಿರುವ ಚಿತ್ರ ಇನ್ನೂ ವಿಚಿತ್ರ. ಊರುಗೋಲು ಹಿಡಿದ ಬಾಗಿದ ಮುದುಕನನ್ನು ಮಗುವೊಂದು ನಡೆಸಿಕೊಂಡು ಹೋಗುತ್ತಿದೆ, ಕೆಳಗೆ ಇನ್ನೊಂದು ಮಗು ಬೆಂಕಿ ಕಾಯಿಸುತ್ತಿದೆ. ಇವೆರಡೂ ಕವಿತೆಯ ಮಾತಿನಲ್ಲಿ ಎಲ್ಲೂ ಇಲ್ಲ.

ಮಂಡ್ಯದ_ಮಾತು
ಒಂದು ಗಡ್ಡದ ಅಜ್ಜ ಮೋಡದಿಂದ ಬಗ್ಗಿ ಕೈವಾರ ಹಿಡಿದಿರೋ ಚಿತ್ರ ಎಲ್ಲ ಕಡೆ ‘ಸೃಷ್ಟಿಕರ್ತ ದೇವರು’ ಅಂತ ಹಾಕ್ತಾರಲ್ಲ, ಅದೂ ಇವನದೇನಾ?

ತಗಡುತಜ್ಞ
ಅವನದೇ, ಆದರೆ ಭಕ್ತಿಯಿಂದ ಬರೆದ ದೇವರಲ್ಲ. 1794ರ ‘ಯೂರೋಪ್’ ಕಾವ್ಯದ ಮುಖಚಿತ್ರ. ಆ ಅಜ್ಜನನ್ನು ಸಾಮಾನ್ಯವಾಗಿ ಯೂರಿಜನ್ ಅಂತ ಗುರುತಿಸುತ್ತಾರೆ. ಬ್ಲೇಕ್ ಪುರಾಣದಲ್ಲಿ ಮನುಷ್ಯನೊಳಗಿನ ನಾಲ್ಕು ಶಕ್ತಿಗಳಲ್ಲಿ ಅವನೊಬ್ಬ, ಉಳಿದವರು ಲೂವಾ, ಥಾರ್ಮಸ್, ಉರ್ಥೋನ. ಯೂರಿಜನ್ ಅಂದರೆ ಅಳೆಯುವ, ಗೆರೆ ಎಳೆಯುವ, ಕಟ್ಟಳೆ ಹಾಕುವ ಬುದ್ಧಿ. ಅನಂತಕ್ಕೆ ಕೈವಾರ ಇಟ್ಟರೆ ಅನಂತ ಕುಗ್ಗುತ್ತದೆ ಅನ್ನುವುದು ಚಿತ್ರದ ಮಾತು. ಅದೇ ಕೈವಾರ ‘ನ್ಯೂಟನ್’ ಚಿತ್ರದಲ್ಲೂ ಇದೆ, ಪಾಚಿಗಟ್ಟಿದ ಬಂಡೆಯ ಮೇಲೆ ಕೂತವನು ಬೆನ್ನ ಹಿಂದಿನ ಬಣ್ಣಗಳ ಕಡೆ ತಿರುಗಿಯೂ ನೋಡದೆ ನೆಲದ ಸುರುಳಿಯ ಮೇಲೆ ಬಗ್ಗಿದ್ದಾನೆ. ಇದನ್ನೇ ಆಧರಿಸಿ ಶಿಲ್ಪಿ ಪಾವ್ಲೋಝಿ ಮಾಡಿದ ಕಂಚಿನ ಪ್ರತಿಮೆ ಬ್ರಿಟಿಷ್ ಲೈಬ್ರರಿಯ ಅಂಗಳದಲ್ಲಿದೆ. ಗ್ರಂಥಾಲಯದ ಬಾಗಿಲಲ್ಲಿ ಈ ಎಚ್ಚರಿಕೆಯನ್ನು ನಿಲ್ಲಿಸಿದವರು ಅದರ ವ್ಯಂಗ್ಯ ಬಲ್ಲರೋ ಏನೋ.

ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದಲ್ಲಿರುವ ‘ನ್ಯೂಟನ್’ ಮೇಲೆ ಬ್ಲೇಕ್ ಹಾಕಿದ ಇಸವಿ 1795. ಕಾಗದದ ನೀರಗುರುತು (ವಾಟರ್‌ಮಾರ್ಕ್) ಹೇಳುವುದು 1804. ವಿನ್ಯಾಸ 1795ರದು, ಈ ಅಚ್ಚು ಸುಮಾರು 1805ರದು. ಅವನ ಚಿತ್ರಗಳಲ್ಲಿ ಬರೆದ ಇಸವಿಯನ್ನು ವಿನ್ಯಾಸದ ಇಸವಿ ಅಂತಲೇ ಓದಬೇಕು.

ಓದುಗ_ಹಾಸನ
ಹಾಗಾದರೆ ಅವನ ಟೆಂಪೆರಾ ಚಿತ್ರಗಳು ಅಷ್ಟು ಕಪ್ಪಾಗಿ ಬಿರುಕು ಬಿಟ್ಟಿರುವುದು ಯಾಕೆ? ಕಾಗದದ ಮೇಲಿನವು ಹೊಳೆಯುತ್ತವೆ.

ಮಸಿಕುಡಿಕೆ
ಅಂಟಿನ ಕಾಟ. ಎಣ್ಣೆಬಣ್ಣವನ್ನು ಅವನು ದ್ವೇಷಿಸುತ್ತಿದ್ದ, ಗೆರೆ ಮಸುಕಾಗುತ್ತದೆ ಅಂತ. ಬದಲಿಗೆ ಸುಣ್ಣದ ಪುಡಿಯ ತಳದ ಮೇಲೆ ಅಂಟು, ಗೋಂದಿನಲ್ಲಿ ಕಲಸಿದ ಬಣ್ಣವನ್ನು ಪದರಪದರವಾಗಿ ಹಚ್ಚಿ ಅದನ್ನೇ ‘ಫ್ರೆಸ್ಕೊ’ ಅಂದ. ಅಂಟು ಹವೆಯ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ. ಅಡಿಯ ಬಟ್ಟೆ ಬಾಗುತ್ತದೆ, ಗಡಸಾದ ಪದರ ಬಾಗಲಾರದೆ ಸೀಳುತ್ತದೆ. ಅಂಟಿಗೆ ವಯಸ್ಸಾದ ಹಾಗೆ ಕಂದು ತಿರುಗುತ್ತದೆ, ಆಮೇಲಿನವರು ಬಳಿದ ವಾರ್ನಿಷ್ ಅದಕ್ಕೆ ಹಳದಿ ಸೇರಿಸಿತು. ‘ಘೋಸ್ಟ್ ಆಫ್ ಎ ಫ್ಲೀ’ ಮಹಾಗನಿ ಹಲಗೆಯ ಮೇಲಿದೆ, ಬರೀ 21 ಸೆಂ.ಮೀ. ಎತ್ತರ, ಚಿನ್ನದ ಹಾಳೆಯನ್ನೂ ಬಳಸಿದ್ದಾನೆ. ಈಗ ಚಿಗಟದ ಭೂತವನ್ನು ಕತ್ತಲಲ್ಲಿ ಹುಡುಕಿ ನೋಡಬೇಕು.

ಸಂಜೆಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ಕೊನೆಯದಾಗಿ ಒಂದು: ಹರಾಜಿನ ಕ್ಯಾಟಲಾಗ್‌ಗಳಲ್ಲಿ ಬಣ್ಣವಿಲ್ಲದ, ಕಂದುಗೆಂಪು ಮಸಿಯ ಬಿಡಿ ಹಾಳೆಗಳಿಗೂ ‘ಬ್ಲೇಕ್’ ಅಂತ ಹಾಕಿರುತ್ತಾರೆ. ಅವು ಅವನ ಕೈಯಚ್ಚೇ?

ಮಸಿಕುಡಿಕೆ
ತಗಡು ಅವನದು, ಕೈ ಅವನದಲ್ಲ. ಕ್ಯಾಥರೀನ್ 1831ರಲ್ಲಿ ತೀರಿಕೊಂಡ ಮೇಲೆ ತಗಡುಗಳು ಬ್ಲೇಕ್‌ನ ಕಿರಿಯ ಗೆಳೆಯ ಫ್ರೆಡರಿಕ್ ಟೇಥಮ್ ವಶಕ್ಕೆ ಹೋದವು, ಆಮೇಲೆ ತೆಗೆದ ಅಚ್ಚುಗಳು ಅವು. ಗುರುತು ಸುಲಭ. ಮಸಿ ದಪ್ಪ, ಕಾಗದದಲ್ಲಿ 1831 ಅಥವಾ 1832ರ ನೀರಗುರುತು ಇರುವುದುಂಟು, ಪುಟದ ಸುತ್ತ ಆ ಮೇಣದ ಕಟ್ಟೆಯ ಪಟ್ಟಿ ಒರೆಸದೆ ಹಾಗೇ ಅಚ್ಚಾಗಿರುವುದೂ ಉಂಟು. ಗಿಲ್‌ಕ್ರಿಸ್ಟ್ ಪುಸ್ತಕದಲ್ಲಿ ಸಿಗುವ 16 ಪುಟಗಳು ಇನ್ನೂ ಒಂದು ಹೆಜ್ಜೆ ದೂರ, ‘ಸಾಂಗ್ಸ್’ ತಗಡುಗಳಿಂದ ವಿದ್ಯುತ್ ಲೇಪನದಲ್ಲಿ ಎರಕ ತೆಗೆದ ಪ್ರತಿತಗಡಿನವು. ಮೂಲ ತಗಡುಗಳು ಆಮೇಲೆ ಕಾಣೆಯಾದವು.